ಪರದೆಯಲ್ಲಿ ಮೂಡುವ ಗುರುವಿನ ಕೈ

ಜಗತ್ತಿನ ಸುಮಾರು 500 ಕೋಟಿ ಜನರಿಗೆ ಸುರಕ್ಷಿತವಾದ, ಕೈಗೆಟಕುವ ವೆಚ್ಚದ ಶಸ್ತ್ರಚಿಕಿತ್ಸೆ ಬೇಕಾದ ಹೊತ್ತಿಗೆ ಸಿಗುವುದಿಲ್ಲ ಎಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2015ರಲ್ಲಿ ವರದಿ ಮಾಡಿತು. ವರ್ಷಕ್ಕೆ ನಡೆಯುವ 31 ಕೋಟಿಗೂ ಮಿಕ್ಕ ಶಸ್ತ್ರಚಿಕಿತ್ಸೆಗಳಲ್ಲಿ ಅತ್ಯಂತ ಬಡ ದೇಶಗಳ ಪಾಲು ಕೇವಲ ಶೇ. 6. ಆದರೆ ಜಗತ್ತಿನ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನ ಇರುವುದು ಆ ದೇಶಗಳಲ್ಲೇ. ಈ ಕಂದಕವನ್ನು ಮುಚ್ಚಬೇಕಾದರೆ ಪ್ರತಿ ವರ್ಷ ಇನ್ನೂ 14.3 ಕೋಟಿ ಶಸ್ತ್ರಚಿಕಿತ್ಸೆಗಳು ನಡೆಯಬೇಕು. ಒಂದು ಲಕ್ಷ ಜನಸಂಖ್ಯೆಗೆ ಸರ್ಜನ್, ಅರಿವಳಿಕೆ ಮತ್ತು ಪ್ರಸೂತಿ ತಜ್ಞರು ಒಟ್ಟು 20 ಮಂದಿಯಾದರೂ ಇರಬೇಕೆಂಬುದು ಆಯೋಗ 2030ಕ್ಕೆ ಇಟ್ಟ ಗುರಿ. ಆಫ್ರಿಕಾದ 25 ದೇಶಗಳನ್ನು ಒಳಗೊಂಡು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಪ್ರಮಾಣ ಲಕ್ಷಕ್ಕೆ ಒಬ್ಬರನ್ನೂ ಮುಟ್ಟಿರಲಿಲ್ಲ. ಒಬ್ಬ ಸರ್ಜನ್ ತಯಾರಾಗಲು ವೈದ್ಯ ಪದವಿಯ ನಂತರವೂ ಹಲವು ವರ್ಷಗಳು ಬೇಕು. ಕಲಿಸುವವರೇ ವಿರಳವಾಗಿರುವ ಕಡೆ ಆ ವರ್ಷಗಳನ್ನು ಯಾರ ಕೈಕೆಳಗೆ ಕಳೆಯುವುದು ಎಂಬುದೇ ಮೊದಲ ತೊಡಕು.

ಈ ತೊಡಕಿಗೆ ಪರಿಹಾರವಾಗಿ ಕಳೆದ ಒಂದು ದಶಕದಿಂದ ಆಗ್ಮೆಂಟೆಡ್ ರಿಯಾಲಿಟಿಯ ಹೆಸರು ಕೇಳಿಬರುತ್ತಿದೆ. ಕಣ್ಣೆದುರಿನ ನಿಜ ದೃಶ್ಯದ ಮೇಲೆ ಕಂಪ್ಯೂಟರ್ ಚಿತ್ರವನ್ನು ಹೊಂದಿಸಿ ತೋರಿಸುವ ತಂತ್ರವಿದು. ಶಸ್ತ್ರಚಿಕಿತ್ಸೆಯ ಕಲಿಕೆಯಲ್ಲಿ ಇದಕ್ಕೆ ಮುಖ್ಯವಾಗಿ ಎರಡು ರೂಪಗಳಿವೆ. ಒಂದರಲ್ಲಿ, ಕಲಿಯುವವರು ಧರಿಸಿದ ಕನ್ನಡಕದಂಥ ಸಾಧನವು ರೋಗಿಯ ಅಥವಾ ಮಾದರಿ ದೇಹದ ಮೇಲೆ ಒಳಗಿನ ರಕ್ತನಾಳ, ಮೂಳೆ, ಗಡ್ಡೆಗಳ ಚಿತ್ರವನ್ನು ಮೂಡಿಸುತ್ತದೆ. ಇನ್ನೊಂದರಲ್ಲಿ, ಆಪರೇಷನ್ ಥಿಯೇಟರಿನ ಕ್ಯಾಮೆರಾ ಕಳಿಸುವ ದೃಶ್ಯವನ್ನು ಬೇರೊಂದು ದೇಶದಲ್ಲಿ ಕುಳಿತ ಅನುಭವಿ ಸರ್ಜನ್ ನೋಡುತ್ತಾರೆ. ಅವರು ತಮ್ಮ ಪರದೆಯ ಮೇಲೆ ಎಳೆದ ಗೆರೆ, ತೋರಿಸಿದ ಬೆರಳು, ಹಿಡಿದ ಉಪಕರಣ ಇವೆಲ್ಲ ಥಿಯೇಟರಿನ ಪರದೆಯಲ್ಲಿ ಗಾಯದ ದೃಶ್ಯದ ಮೇಲೆಯೇ ಕಾಣಿಸಿಕೊಳ್ಳುತ್ತವೆ. ಇವೆರಡರ ಬೆಲೆ ಬೇರೆ, ಅಪಾಯ ಬೇರೆ, ಫಲವೂ ಬೇರೆ. ಪರ-ವಿರೋಧದ ವಾದಗಳನ್ನು ತೂಗುವಾಗ ಈ ಭೇದವನ್ನು ಮರೆಯಬಾರದು.

ಪರವಾದಿಗಳ ಮೊದಲ ವಾದ ಶಸ್ತ್ರಚಿಕಿತ್ಸೆಯ ಕಲಿಕೆಯ ಸ್ವರೂಪದಿಂದಲೇ ಹುಟ್ಟುತ್ತದೆ. ಈ ವಿದ್ಯೆ ಪುಸ್ತಕದಿಂದ ಪೂರ್ತಿ ಬರುವುದಿಲ್ಲ. ಪಕ್ಕದಲ್ಲಿ ನಿಂತು ನೋಡಿ, ಮಾಡಿ, ತಿದ್ದಿಸಿಕೊಂಡು ಬರಬೇಕು. ಅಮೆರಿಕದ ಬರ್ಮಿಂಗ್‌ಹ್ಯಾಮ್ ಮತ್ತು ವಿಯೆಟ್ನಾಂನ ಹೋ ಚಿ ಮಿನ್ ನಗರದ ಮಕ್ಕಳ ಆಸ್ಪತ್ರೆಗಳ ನಡುವೆ ನಡೆದ, 2016ರಲ್ಲಿ ವರದಿಯಾದ ಪ್ರಯತ್ನ ಇದಕ್ಕೆ ಒಳ್ಳೆಯ ನಿದರ್ಶನ. ಮಿದುಳಿನೊಳಗೆ ನೀರು ತುಂಬಿಕೊಳ್ಳುವ ಹೈಡ್ರೋಸೆಫಾಲಸ್ ಕಾಯಿಲೆಗೆ ಎಂಡೋಸ್ಕೋಪ್ ಮೂಲಕ ಮಾಡುವ ಚಿಕಿತ್ಸೆ ಅಲ್ಲಿನ ಪಾಠವಾಗಿತ್ತು. ಮಿದುಳಿನ ಮೂರನೆಯ ಕುಹರದ ತೆಳುವಾದ ತಳದಲ್ಲಿ ಒಂದು ಸಣ್ಣ ರಂಧ್ರ ಮಾಡಿ ಕಟ್ಟಿಕೊಂಡ ದ್ರವಕ್ಕೆ ದಾರಿ ಬಿಡಬೇಕು. ಆ ತಳದ ಕೆಳಗೇ ಮಿದುಳಿಗೆ ರಕ್ತ ಒಯ್ಯುವ ಬೇಸಿಲಾರ್ ಅಪಧಮನಿ ಇರುತ್ತದೆ. ಕೆಲವೇ ಮಿಲಿಮೀಟರ್ ತಪ್ಪಿದರೂ ಮಗುವಿನ ಜೀವಕ್ಕೆ ಕುತ್ತು. ಇಂಥ ಕಡೆ ‘ಸ್ವಲ್ಪ ಮುಂದೆ’ ಎಂದು ಫೋನಿನಲ್ಲಿ ಹೇಳಿದರೆ ಸಾಲದು. ಇಲ್ಲಿ ಎಂದು ಬೆರಳಿಟ್ಟು ತೋರಿಸಬೇಕು. ಸುಮಾರು ಕಾಲು ಸೆಕೆಂಡಿನ ವಿಳಂಬದಲ್ಲಿ, ಹಗಲು-ರಾತ್ರಿಗಳೇ ಅದಲುಬದಲಾಗುವಷ್ಟು ದೂರದಿಂದ, ಹಾಗೆ ತೋರಿಸಲು ಸಾಧ್ಯವಾಯಿತು ಎಂಬುದು ಸಣ್ಣ ಸಾಧನೆಯಲ್ಲ.

ಎರಡನೆಯ ವಾದ ಇನ್ನೂ ಗಟ್ಟಿಯಾದುದು. ಕೆಲವು ನಾಡುಗಳಿಗೆ ಗುರು ಬರಲಾರ, ಅಲ್ಲಿಂದ ಶಿಷ್ಯ ಹೊರಗೆ ಹೋಗಲಾರ. ಗಾಜಾ ಪಟ್ಟಿಯ ಅಲ್-ಅವ್ದಾ ಆಸ್ಪತ್ರೆಯಲ್ಲಿ ನಡೆದ ಸಂಕೀರ್ಣವಾದ ಕೈಯ ಶಸ್ತ್ರಚಿಕಿತ್ಸೆಯೊಂದಕ್ಕೆ ಬೈರೂತ್‌ನಲ್ಲಿ ಕುಳಿತ ಸರ್ಜನ್ ಘಸ್ಸಾನ್ ಅಬು-ಸಿತ್ತಾ ಮಾರ್ಗದರ್ಶನ ಮಾಡಿದ್ದು 2018ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಅದಕ್ಕೆ ಬಳಸಿದ ಪ್ರಾಕ್ಸಿಮಿ ಎಂಬ ವ್ಯವಸ್ಥೆಯನ್ನು ಕಟ್ಟಿದ ನಡೀನ್ ಹಶಶ್-ಹರಾಮ್ ಸ್ವತಃ ಪ್ಲಾಸ್ಟಿಕ್ ಸರ್ಜನ್. ಪೆರುವಿನ ತ್ರುಹಿಯೊದಲ್ಲಿ ಸೀಳುತುಟಿ ಚಿಕಿತ್ಸೆಯ ತಂಡವೊಂದು ಶಿಬಿರ ಮುಗಿಸಿ ಮರಳಿದ ಮೇಲೂ ಸ್ಥಳೀಯ ವೈದ್ಯರ ಜೊತೆ ಇದೇ ಬಗೆಯಲ್ಲಿ ಪಾಠ ಮುಂದುವರಿಸಿತು. ಹೊರದೇಶದ ವೈದ್ಯರು ವಾರದ ಮಟ್ಟಿಗೆ ಬಂದು, ಡಜನ್‌ಗಟ್ಟಲೆ ಆಪರೇಷನ್ ಮಾಡಿ, ಹೊರಟುಹೋಗುವ ಶಿಬಿರಗಳ ದೊಡ್ಡ ಕೊರತೆಯೇ ಈ ಮುಂದುವರಿಕೆ ಇಲ್ಲದಿರುವುದು. ತಂತ್ರಜ್ಞಾನ ಅದನ್ನು ತುಂಬಿಕೊಡುವುದಾದರೆ ಬೇಡ ಎನ್ನಲು ಬಲವಾದ ಕಾರಣವೇ ಬೇಕು.

ಎದುರು ಪಕ್ಷದವರ ಬಳಿ ಅಂಥ ಕಾರಣಗಳಿವೆ. ಬಡ ದೇಶಗಳಲ್ಲಿ ರೋಗಿಗಳು ಸಾಯುತ್ತಿರುವುದು ಸರ್ಜನ್‌ನ ಕೈ ತಪ್ಪುವುದರಿಂದಲೇ ಎಂಬ ಗ್ರಹಿಕೆಯನ್ನೇ ಅವರು ಪ್ರಶ್ನಿಸುತ್ತಾರೆ. ಮೇಲೆ ಹೇಳಿದ ಆಫ್ರಿಕಾದ ಅಧ್ಯಯನದಲ್ಲಿ 11 ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಕಲೆಹಾಕಲಾಗಿತ್ತು. ಅವರು ಜಾಗತಿಕ ಸರಾಸರಿಗಿಂತ ಚಿಕ್ಕ ವಯಸ್ಸಿನವರು, ಅಪಾಯದ ಲಕ್ಷಣಗಳು ಕಡಿಮೆ ಇದ್ದವರು. ಆದರೂ ಶಸ್ತ್ರಚಿಕಿತ್ಸೆಯ ನಂತರ ಸಾಯುವ ಸಂಭವ ಜಾಗತಿಕ ಸರಾಸರಿಯ ಎರಡು ಪಟ್ಟಿತ್ತು. ಸಾವುಗಳಲ್ಲಿ ಬಹುಪಾಲು ಸಂಭವಿಸಿದ್ದು ಥಿಯೇಟರಿನಲ್ಲಲ್ಲ, ಆಪರೇಷನ್ ಮುಗಿದ ಮರುದಿನ ಅಥವಾ ಅದರ ನಂತರ. ಅಂದರೆ ರಾತ್ರಿ ಪಾಳಿಯಲ್ಲಿ ಸಾಕಷ್ಟು ನರ್ಸ್‌ಗಳಿಲ್ಲದ, ರಕ್ತದೊತ್ತಡ ಕುಸಿದದ್ದು ಯಾರ ಗಮನಕ್ಕೂ ಬಾರದ, ಬೇಕಾದ ರಕ್ತ ಸಿಗದ ವಾರ್ಡುಗಳ ಕಡೆಗೆ ಈ ಅಂಕಿ ಬೆರಳು ಮಾಡುತ್ತದೆ. ಜಗತ್ತಿನ ಸುಮಾರು 77 ಸಾವಿರ ಆಪರೇಷನ್ ಥಿಯೇಟರುಗಳಲ್ಲಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರೇ ಇಲ್ಲ ಎಂದು 2010ರಲ್ಲಿ ಅಂದಾಜಿಸಲಾಗಿತ್ತು. ಆಕ್ಸಿಜನ್, ಕರೆಂಟು, ರಕ್ತನಿಧಿ ಇವೇ ನೆಚ್ಚಿಕೆಯಿಲ್ಲದ ಕಡೆ ದುಬಾರಿ ಪರದೆಗೆ ಹಣ ಸುರಿಯುವುದು ಆದ್ಯತೆಯ ತಪ್ಪು ಎಂಬ ಅವರ ಮಾತನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಈ ವಾದಕ್ಕೂ ಒಂದು ಮಿತಿಯಿದೆ. ಆರೋಗ್ಯ ವ್ಯವಸ್ಥೆಯ ಎಲ್ಲ ಅಂಗಗಳೂ ಸರಿಹೋಗುವ ತನಕ ಯಾವ ಒಂದು ಅಂಗವನ್ನೂ ಮುಟ್ಟಬಾರದು ಎನ್ನುವುದಾದರೆ ಯಾವ ಸುಧಾರಣೆಯೂ ಆರಂಭವಾಗದು. ವಾರ್ಡಿನ ಆರೈಕೆಯನ್ನು ಸುಧಾರಿಸಿಯೆಂದು ಆಡಳಿತವನ್ನು ಒತ್ತಾಯಿಸುವವರೂ ಬಹುಮಟ್ಟಿಗೆ ಅಲ್ಲೇ ನೆಲೆನಿಂತ ಅನುಭವಿ ಸರ್ಜನ್‌ಗಳೇ. ಅಂಥವರು ರೂಪುಗೊಳ್ಳಲು ತರಬೇತಿ ಅವರ ಊರಿನಲ್ಲೇ ಸಿಗಬೇಕು. ಪೂರ್ವ, ಮಧ್ಯ ಮತ್ತು ದಕ್ಷಿಣ ಆಫ್ರಿಕಾದ ಸರ್ಜನ್‌ಗಳ ಕಾಲೇಜಾದ ಕೊಸೆಕ್ಸಾ 1999ರಲ್ಲಿ ಸ್ಥಾಪನೆಯಾಗಿ ಆ ಪ್ರದೇಶದಲ್ಲೇ ತರಬೇತಿ ನೀಡುತ್ತ ಬಂದಿದೆ. ಅಲ್ಲಿ ಕಲಿತವರಲ್ಲಿ ಸುಮಾರು ಶೇ. 85ರಷ್ಟು ಮಂದಿ ತಾವು ತರಬೇತಿ ಪಡೆದ ದೇಶದಲ್ಲೇ ಉಳಿದಿರುವುದು 2017ರ ಸಮೀಕ್ಷೆಯಲ್ಲಿ ಕಂಡುಬಂತು. ಕಲಿಯಲು ಹೊರದೇಶಕ್ಕೆ ಹೋದವರು ಅಲ್ಲೇ ಉಳಿದುಬಿಡುವ ಚಾಳಿ ನಮಗೂ ಗೊತ್ತಿರುವಂಥದೇ. ಅಪರೂಪದ ಉಪವಿಭಾಗಗಳ ಪಾಠವನ್ನು ಇದ್ದ ಊರಿಗೇ ತಲುಪಿಸುವ ಉಪಾಯಕ್ಕೆ ಆ ಮಟ್ಟಿಗೆ ಬೆಲೆಯಿದೆ.

ಇಲ್ಲಿ ವಿರೋಧಿಗಳು ಮತ್ತೊಂದು ಪ್ರಶ್ನೆ ಮುಂದಿಡುತ್ತಾರೆ: ಅದೇ ಫಲ ಕಡಿಮೆ ಖರ್ಚಿನಲ್ಲಿ ಸಿಗುವುದಿಲ್ಲವೆ? ಕೀನ್ಯಾ, ತಾಂಜಾನಿಯಾ, ಉಗಾಂಡಾ ಮತ್ತು ಜಿಂಬಾಬ್ವೆಯ ಕಣ್ಣಿನ ವೈದ್ಯ ತರಬೇತಿಯ ಅಭ್ಯರ್ಥಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವನ್ನು ಅವರು ಎತ್ತಿ ತೋರಿಸುತ್ತಾರೆ. ಅಲ್ಲಿ ಒಂದು ಗುಂಪಿಗೆ ಕೃತಕ ಕಣ್ಣುಗಳ ಮೇಲೆ ಕೆಲವು ದಿನ ತೀವ್ರ ಅಭ್ಯಾಸ ಕೊಡಿಸಲಾಯಿತು. ಇನ್ನೊಂದು ಗುಂಪು ಎಂದಿನ ಕ್ರಮದಲ್ಲೇ ಕಲಿಯಿತು. ಮುಂದೆ ನಿಜವಾದ ಪೊರೆ ಶಸ್ತ್ರಚಿಕಿತ್ಸೆ ಮಾಡಿದಾಗ, ಮಸೂರದ ಹಿಂಪೊರೆ ಹರಿಯುವ ಗಂಭೀರ ತೊಡಕು ಎಂದಿನ ಕ್ರಮದ ಗುಂಪಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಕಂಡರೆ, ಅಭ್ಯಾಸ ಮಾಡಿದ ಗುಂಪಿನಲ್ಲಿ ಅದು ಸುಮಾರು ಶೇ. 8ಕ್ಕೆ ಇಳಿದಿತ್ತು. ಹೋಲೋಗ್ರಾಮ್ ಇಲ್ಲ, ತಲೆಗೆ ತೊಡುವ ಸಾಧನವಿಲ್ಲ. ಕೃತಕ ಕಣ್ಣು, ಸೂಕ್ಷ್ಮದರ್ಶಕ ಮತ್ತು ತಾಳ್ಮೆಯ ಶಿಕ್ಷಕರಿಂದಲೇ ಬಂದ ಫಲವಿದು. ಅತ್ತ ಮೈಕ್ರೋಸಾಫ್ಟ್‌ನ ತಲೆಗೆ ತೊಡುವ ಸಾಧನ ಹೋಲೋಲೆನ್ಸ್ 2ರ ಬೆಲೆ 2019ರಲ್ಲಿ 3,500 ಡಾಲರ್ ಇತ್ತು. 2024ರಲ್ಲಿ ಅದರ ತಯಾರಿಕೆಯೇ ನಿಂತಿತು. ಗೂಗಲ್ ಗ್ಲಾಸ್ ಎಂಬ ಕನ್ನಡಕದ ಮಾರಾಟ 2023ರಲ್ಲಿ ಕೊನೆಗೊಂಡಿತು. ಐದು ವರ್ಷದ ತರಬೇತಿ ಯೋಜನೆಯ ನಡುವೆಯೇ ಸಾಧನ ಅನಾಥವಾದರೆ, ಶ್ರೀಮಂತ ಆಸ್ಪತ್ರೆ ಹೊಸದನ್ನು ಕೊಳ್ಳುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ಅದು ಬೀರುವಿನೊಳಗೆ ಉಳಿಯುತ್ತದೆ.

ಈ ಆಕ್ಷೇಪ ತಲೆಗೆ ತೊಡುವ ಸಾಧನಗಳ ಮಟ್ಟಿಗೆ ಬಹುಪಾಲು ನಿಜ. ಆದರೆ ದೂರದ ಗುರುವಿನ ಮಾರ್ಗದರ್ಶನಕ್ಕೆ ಅಂಥ ಸಾಧನ ಬೇಕೇಬೇಕೆಂದಿಲ್ಲ. ಸಾಮಾನ್ಯ ಟ್ಯಾಬ್ಲೆಟ್, ಮೇಜಿನ ಮೇಲೆ ತೂಗುಹಾಕಿದ ಕ್ಯಾಮೆರಾ, ತಕ್ಕಮಟ್ಟಿನ ಇಂಟರ್ನೆಟ್ ಇದ್ದರೆ ಕೆಲಸ ನಡೆಯುತ್ತದೆ. ಒಂದು ಕಂಪನಿ ಬಾಗಿಲು ಹಾಕಿದರೂ ಈ ಸಾಮಗ್ರಿ ವ್ಯರ್ಥವಾಗದು. ದೂರಸಂಪರ್ಕದಿಂದ ವೈದ್ಯ ಜ್ಞಾನ ಹಂಚುವುದು ನಮ್ಮ ನಾಡಿಗೂ ಹೊಸತಲ್ಲ. 2000ರ ದಶಕದ ಆರಂಭದಲ್ಲೇ ಇಸ್ರೋದ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯದ ತಜ್ಞರೊಡನೆ ಜೋಡಿಸಲಾಗಿತ್ತು. 2009ರಲ್ಲಿ ಚಾಲನೆ ಪಡೆದ ಪ್ಯಾನ್-ಆಫ್ರಿಕನ್ ಇ-ನೆಟ್‌ವರ್ಕ್ ಭಾರತದ ಆಸ್ಪತ್ರೆಗಳನ್ನು ಆಫ್ರಿಕಾದ ಆಸ್ಪತ್ರೆಗಳೊಡನೆ ಬೆಸೆಯಿತು. ಇವು ಸಮಾಲೋಚನೆ ಮತ್ತು ಉಪನ್ಯಾಸಗಳ ಮಟ್ಟದಲ್ಲಿದ್ದವು, ನಿಜ. ಶಸ್ತ್ರಚಿಕಿತ್ಸೆಯ ಗಾಯದ ಮೇಲೆಯೇ ಬೆರಳಿಟ್ಟು ತೋರಿಸುವುದು ಅದೇ ಹಾದಿಯ ಮುಂದಿನ ಹೆಜ್ಜೆ ಎಂದು ಪರವಾದಿಗಳು ಹೇಳಿದರೆ ಅದು ಅತಿಶಯೋಕ್ತಿಯಾಗದು.

ಸುರಕ್ಷತೆಯ ವಿಷಯದಲ್ಲಿ ಸಂದೇಹಿಗಳ ಕೈ ಮೇಲಾಗುತ್ತದೆ. ಹೋಲೋಲೆನ್ಸ್‌ನಂಥ ಸಾಧನಗಳ ಚಿತ್ರ ಸುಮಾರು ಎರಡು ಮೀಟರ್ ದೂರಕ್ಕೆ ಕಣ್ಣನ್ನು ಹೊಂದಿಸಿಕೊಳ್ಳಲು ಕೇಳುತ್ತದೆ; ಸರ್ಜನ್ ಕೆಲಸ ಮಾಡುವುದು ತೋಳಳತೆಯೊಳಗೆ. ಈ ವ್ಯತ್ಯಾಸ ಕಣ್ಣಿಗೆ ಆಯಾಸ ತರುವುದರ ಜೊತೆಗೆ ಆಳದ ಅಂದಾಜನ್ನೂ ತಪ್ಪಿಸಬಲ್ಲದು. ಹೊಟ್ಟೆಯಂಥ ಮೃದು ಭಾಗದಲ್ಲಿ ಅಂಗಗಳು ಜರುಗುತ್ತವೆ, ಉಸಿರಿನೊಡನೆ ಏರಿಳಿಯುತ್ತವೆ. ಮೊದಲೇ ತೆಗೆದ ಸ್ಕ್ಯಾನ್‌ನ ಚಿತ್ರ ಅವುಗಳ ಜೊತೆ ಜರುಗುವುದಿಲ್ಲ. ಗಮನದ ಪ್ರಶ್ನೆಯೂ ಇದೆ. ಕೆನಡಾದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೆಚ್ಚುವರಿ ಚಿತ್ರಗಳ ನೆರವು ಪಡೆದ ಸರ್ಜನ್‌ಗಳು ಗುರಿಯನ್ನು ಹೆಚ್ಚು ನಿಖರವಾಗಿ ಮುಟ್ಟಿದರು. ಆದರೆ ಕಣ್ಣೆದುರೇ ಇದ್ದ ಅನಿರೀಕ್ಷಿತ ತೊಡಕನ್ನು ಅವರು ಉಳಿದವರಿಗಿಂತ ಹೆಚ್ಚಾಗಿ ಗಮನಿಸದೆ ಹೋದರು. ಅನುಭವಿಗಳ ಗಮನವನ್ನೇ ಹೀಗೆ ಸೆಳೆಯಬಲ್ಲ ತಂತ್ರವನ್ನು ಹೊಸಬರ ಕೈಗೆ, ಅದರಲ್ಲೂ ತಪ್ಪಾದರೆ ಸರಿಪಡಿಸಲು ಇನ್ನೊಬ್ಬ ಸರ್ಜನ್ ಪಕ್ಕದಲ್ಲಿರದ ಕಡೆ, ಕೊಡುವಾಗ ಹೆಚ್ಚಿನ ಎಚ್ಚರ ಬೇಕು.

ಪರವಾದಿಗಳು ಇದಕ್ಕೆ ಕೊಡುವ ಉತ್ತರ ಅರ್ಧ ಸಮಾಧಾನ ತರುತ್ತದೆ. ಗಮನ ಚದುರಿದರೂ ಮಾದರಿ ದೇಹದ ಮೇಲೆ ಕಲಿಯುವಾಗ ಯಾರಿಗೂ ನೋವಾಗದು. ದೂರದ ಗುರುವಿನ ವ್ಯವಸ್ಥೆಯಲ್ಲಂತೂ ಮತ್ತೊಂದು ಜೊತೆ ಅನುಭವಿ ಕಣ್ಣುಗಳು ಕಾವಲಿಗಿರುತ್ತವೆ. ಅವು ಹೊಸಬರ ಕಣ್ತಪ್ಪನ್ನು ಹಿಡಿಯಲೂಬಹುದು. ಆದರೆ ಆ ಗುರುವಿಗೆ ಕಾಣುವುದು ಕ್ಯಾಮೆರಾ ತೋರಿಸಿದಷ್ಟೇ. ಅಂಗಾಂಶವನ್ನು ಎಳೆದಾಗ ಬೆರಳಿಗೆ ಸಿಗುವ ಬಿಗಿ, ಅರಿವಳಿಕೆ ತಜ್ಞರ ಮುಖದಲ್ಲಿ ಮೂಡುವ ಆತಂಕ ಇವು ಪರದೆಗೆ ಬರುವುದಿಲ್ಲ. ರಕ್ತ ಚಿಮ್ಮಿದ ಕ್ಷಣದಲ್ಲಿ ಸಂಪರ್ಕ ಕಡಿದರೆ ಉಳಿಯುವುದು ಸ್ಥಳದಲ್ಲಿರುವವರ ಕೈಚಳಕ ಮಾತ್ರ. ಗುರು ಇಲ್ಲದೆಯೂ ಸುರಕ್ಷಿತವಾಗಿ ಹಿಂದೆ ಸರಿಯಲು ಗೊತ್ತಿರುವವರಿಗೆ ಮಾತ್ರ ದೂರದ ಗುರು ನೆರವಾಗಬಲ್ಲನೆಂಬ ಮಾತನ್ನು ಎರಡೂ ಪಕ್ಷದವರು ಒಪ್ಪಬಹುದೆಂದು ತೋರುತ್ತದೆ.

ಎಲ್ಲಕ್ಕಿಂತ ಆಳವಾದ ಭಿನ್ನಾಭಿಪ್ರಾಯ ಇರುವುದು ಜ್ಞಾನದ ಹರಿವಿನ ದಿಕ್ಕಿನ ಬಗ್ಗೆ. ಲಂಡನ್ ಅಥವಾ ಬಾಸ್ಟನ್‌ನ ತಜ್ಞ ಸದಾ ತೋರಿಸುವವ, ಕಂಪಾಲಾ ಅಥವಾ ಕಲಬುರಗಿಯ ವೈದ್ಯೆ ಸದಾ ನೋಡುವವಳು ಎಂಬ ಏರ್ಪಾಟು ಗಟ್ಟಿಯಾದರೆ ಅವಲಂಬನೆ ಮುಗಿಯುವುದೇ ಇಲ್ಲ ಎಂಬುದು ವಿಮರ್ಶಕರ ಆತಂಕ. ಈ ಆತಂಕಕ್ಕೆ ಆಧಾರ ವಿಯೆಟ್ನಾಂನ ಅದೇ ಉದಾಹರಣೆಯಲ್ಲಿದೆ. ಅಲ್ಲಿ ಕಲಿಸಿದ ಚಿಕಿತ್ಸೆಗೆ ಇಂದಿನ ರೂಪ ಬಂದದ್ದು ಅಮೆರಿಕದಲ್ಲಲ್ಲ, ಉಗಾಂಡಾದ ಎಂಬಾಲೆಯ ಮಕ್ಕಳ ಆಸ್ಪತ್ರೆಯಲ್ಲಿ. 2000ರಲ್ಲಿ ಅಲ್ಲಿಗೆ ಹೋಗಿ ನೆಲೆಸಿದ ಸರ್ಜನ್ ಬೆಂಜಮಿನ್ ವಾರ್ಫ್ ಒಂದು ಕಟುಸತ್ಯವನ್ನು ಎದುರಿಸಬೇಕಾಯಿತು: ಮಿದುಳಿನ ದ್ರವ ಹರಿದುಹೋಗಲೆಂದು ಇಡುವ, ಶ್ರೀಮಂತ ದೇಶಗಳಲ್ಲಿ ರೂಢಿಯಲ್ಲಿದ್ದ ಶಂಟ್ ಕೊಳವೆ ಕಟ್ಟಿಕೊಂಡರೆ ಹಳ್ಳಿಯ ಮಗು ಸಕಾಲಕ್ಕೆ ಆಸ್ಪತ್ರೆ ತಲುಪಲಾರದು. ಹಾಗಾಗಿ ಕೊಳವೆಯನ್ನೇ ತಪ್ಪಿಸುವ ದಾರಿಯನ್ನು ಅಲ್ಲಿ ಹುಡುಕಲಾಯಿತು. ಅದನ್ನು ಮುಂದೆ ಅಮೆರಿಕದ ಮಕ್ಕಳಿಗೂ ಬಳಸಲಾಯಿತು. ಮಹಾರಾಷ್ಟ್ರದ ದೊಂಡಾಯ್ಚಾದಲ್ಲಿ ರವೀಂದ್ರನಾಥ ಟೋಂಗಾಂವ್ಕರ್ ಅವರು ಹರ್ನಿಯಾ ಚಿಕಿತ್ಸೆಗೆ ದುಬಾರಿ ಜಾಲರಿಯ ಬದಲು ಶುದ್ಧೀಕರಿಸಿದ ಸೊಳ್ಳೆಪರದೆಯ ಬಟ್ಟೆಯನ್ನು ಬಳಸಿದರು. ಅಂಥ ಅಗ್ಗದ ಜಾಲರಿ ದುಬಾರಿಯದಕ್ಕೆ ಕಡಿಮೆಯಿಲ್ಲ ಎಂಬುದನ್ನು 2016ರಲ್ಲಿ ಪ್ರಕಟವಾದ ಉಗಾಂಡಾದ ಪ್ರಯೋಗವೊಂದು ತೋರಿಸಿತು. ಕೊರತೆಯ ನಡುವೆ ಹುಟ್ಟುವ ಇಂಥ ಬುದ್ಧಿವಂತಿಕೆಯನ್ನು, ಶ್ರೀಮಂತ ಆಸ್ಪತ್ರೆಯ ಪದ್ಧತಿಯನ್ನೇ ಆದರ್ಶವೆಂದು ಬಿತ್ತರಿಸುವ ಪರದೆ ಮಂಕಾಗಿಸಬಹುದು.

ಆದರೂ ಇದೇ ಉದಾಹರಣೆಯನ್ನು ತಿರುಗಿಸಿ ಓದಲೂಬಹುದು. ಎಂಬಾಲೆಯಲ್ಲಿ ರೂಪುಗೊಂಡ ವಿದ್ಯೆ ಹೋ ಚಿ ಮಿನ್ ನಗರಕ್ಕೆ ತಲುಪಿದ್ದು ಅಮೆರಿಕದ ಮೂಲಕ. ದಾರಿ ಎರಡೂ ಕಡೆಯಿಂದ ತೆರೆದಿದ್ದರೆ ಉಗಾಂಡಾದ ಸರ್ಜನ್‌ಗಳೇ ನೇರವಾಗಿ ವಿಯೆಟ್ನಾಂ, ಬಿಹಾರ, ಬೊಲಿವಿಯಾಗಳಿಗೆ ಕಲಿಸಬಹುದು. ಪರದೆಗೆ ದಿಕ್ಕಿನ ಪಕ್ಷಪಾತವಿಲ್ಲ. ಗುರುವಿನ ಕುರ್ಚಿಯಲ್ಲಿ ಯಾರನ್ನು ಕೂರಿಸುತ್ತೇವೆ ಎಂಬುದು ಹಣ ಕೊಡುವವರ ಮತ್ತು ಆಸ್ಪತ್ರೆಗಳ ತೀರ್ಮಾನ. ವಿಮರ್ಶಕರು ತೋರಿದ ಅಪಾಯ ನಿಜ, ಆದರೆ ಅದು ತಂತ್ರದ ಒಳಗೇ ಬೆಸೆದುಕೊಂಡ ದೋಷವೆನ್ನಲಾಗದು.

ಈ ಚರ್ಚೆಯಲ್ಲಿ ಮೇಜಿನ ಮೇಲೆ ಮಲಗಿದವರ ಪಕ್ಷವನ್ನೂ ವಹಿಸಬೇಕು. ತನ್ನ ದೇಹದ ದೃಶ್ಯ ಬೇರೊಂದು ದೇಶದ ಪರದೆಯಲ್ಲಿ ಮೂಡುತ್ತದೆ, ಪ್ರಾಯಶಃ ದಾಖಲಾಗಿಯೂ ಉಳಿಯುತ್ತದೆ ಎಂಬುದು ಅವರಿಗೆ ಗೊತ್ತೆ? ಅವರದೇ ಭಾಷೆಯಲ್ಲಿ, ಬೇಡವೆಂದರೂ ಚಿಕಿತ್ಸೆ ತಪ್ಪುವುದಿಲ್ಲವೆಂಬ ಭರವಸೆಯೊಡನೆ, ಒಪ್ಪಿಗೆ ಕೇಳಲಾಗಿದೆಯೆ? ದೂರದ ಗುರು ತೋರಿದ ಜಾಗದಲ್ಲಿ ಕತ್ತರಿ ಇಟ್ಟು ಅನಾಹುತವಾದರೆ ಹೊಣೆ ಯಾರದು? ಸ್ಥಳೀಯ ಸರ್ಜನ್‌ನದು ಎಂಬುದೇ ಸಾಮಾನ್ಯ ನಿಲುವು. ಆದರೆ ಪ್ರಖ್ಯಾತ ತಜ್ಞರೊಬ್ಬರು ಪರದೆಯಲ್ಲಿ ಹೇಳುತ್ತಿರುವಾಗ ಕಿರಿಯ ವೈದ್ಯರು ಇಲ್ಲವೆನ್ನುವುದು ಎಷ್ಟು ಕಷ್ಟ ಎಂಬುದನ್ನು ಊಹಿಸಬಹುದು. ಹಾಗೆಂದು, ತಜ್ಞರ ನೆರವೇ ಇಲ್ಲದೆ ಆಪರೇಷನ್‌ಗೆ ಒಳಗಾಗುವುದು ಅಥವಾ ಆಪರೇಷನ್ ಸಿಗದೇ ಹೋಗುವುದು ಆ ರೋಗಿಗೆ ಹೆಚ್ಚು ನ್ಯಾಯವೇ ಎಂಬ ಮರುಪ್ರಶ್ನೆಯೂ ಅಷ್ಟೇ ಸಾಧುವಾದುದು.

ಸಾಕ್ಷ್ಯದ ವಿಷಯದಲ್ಲಿ ಎರಡೂ ಪಕ್ಷಗಳು ತಾಳ್ಮೆಯಿಂದ ಇರಬೇಕು. ಮೇಲೆ ಹೇಳಿದ ವಿಯೆಟ್ನಾಂ, ಗಾಜಾ, ಪೆರುವಿನ ವರದಿಗಳು ಬೆರಳೆಣಿಕೆಯ ಅಥವಾ ಸಣ್ಣ ಸಂಖ್ಯೆಯ ಶಸ್ತ್ರಚಿಕಿತ್ಸೆಗಳನ್ನು ಆಧರಿಸಿವೆ. ಹೀಗೆ ಕಲಿಸಬಹುದೆಂಬುದನ್ನು ಅವು ತೋರಿಸುತ್ತವೆ. ಹೀಗೆ ಕಲಿಸಿದರೆ ಹೆಚ್ಚು ರೋಗಿಗಳು ಬದುಕುತ್ತಾರೆಂಬುದನ್ನು ಅವುಗಳಿಂದ ತೀರ್ಮಾನಿಸಲಾಗದು. ಕೃತಕ ಕಣ್ಣಿನ ಪ್ರಯೋಗ ಹೆಚ್ಚು ಕಟ್ಟುನಿಟ್ಟಾದುದು, ಆದರೆ ಅದು ಒಂದೇ ಅಂಗದ, ಒಂದೇ ಬಗೆಯ ಶಸ್ತ್ರಚಿಕಿತ್ಸೆಗೆ ಸೀಮಿತ. ಸೀಳುತುಟಿಗಾಗಲಿ ಮಿದುಳಿಗಾಗಲಿ ಅದರ ಫಲಿತಾಂಶವನ್ನು ಹಾಗೇ ಅನ್ವಯಿಸಲಾಗದು.

ಇಷ್ಟನ್ನು ತೂಗಿದ ಮೇಲೆ, ಎಚ್ಚರಿಕೆಯಿಂದಲೇ, ಒಂದು ನಡುದಾರಿಯ ಕಡೆಗೆ ವಾಲಬಹುದೆನಿಸುತ್ತದೆ. ಮೊದಲ ಹಂತದ ಕೈಚಳಕ, ಅಂದರೆ ಗಂಟು, ಹೊಲಿಗೆ, ಉಪಕರಣದ ಹಿಡಿತ, ಇವುಗಳಿಗೆ ಅಗ್ಗದ ಮಾದರಿಗಳೂ ಸ್ಥಳೀಯ ಶಿಕ್ಷಕರೂ ಸಾಕು. ಸಾರ್ವಜನಿಕ ಹಣದ ಮೊದಲ ಪಾಲು ಅಲ್ಲಿಗೂ ವಾರ್ಡಿನ ಆರೈಕೆಗೂ ಸಲ್ಲಬೇಕು. ಸಿಸೇರಿಯನ್, ತುರ್ತು ಹೊಟ್ಟೆಯ ಆಪರೇಷನ್, ತೆರೆದ ಮೂಳೆಮುರಿತದ ಚಿಕಿತ್ಸೆ ಈ ಮೂರನ್ನು ಸುರಕ್ಷಿತವಾಗಿ ನಡೆಸಲಾಗದ ಆಸ್ಪತ್ರೆಗೆ ಆಗ್ಮೆಂಟೆಡ್ ರಿಯಾಲಿಟಿ ಇನ್ನೂ ಕಾಯಬಹುದಾದ ಸೌಕರ್ಯ. ಅದನ್ನು ದಾಟಿದ ಬೋಧನಾ ಆಸ್ಪತ್ರೆಗಳಲ್ಲಿ, ಈಗಾಗಲೇ ಪಳಗಿದ ಸರ್ಜನ್‌ಗಳು ಅಪರೂಪದ ಶಸ್ತ್ರಚಿಕಿತ್ಸೆಯೊಂದನ್ನು ಹೊಸದಾಗಿ ಆರಂಭಿಸುವಾಗ, ದೂರದ ಗುರುವಿನ ಮಾರ್ಗದರ್ಶನಕ್ಕೆ ಹೆಚ್ಚಿನ ಸಾರ್ಥಕತೆ ಕಾಣುತ್ತದೆ. ಇದು ಮುಖಾಮುಖಿ ಪರಿಚಯವಿರುವ ಗುರು-ಶಿಷ್ಯರ ನಡುವೆ, ಸಾಮಾನ್ಯ ಪರದೆಗಳ ಮೂಲಕ, ಸ್ಥಳೀಯ ಸಂಸ್ಥೆಯ ಒಡೆತನದಲ್ಲಿ ನಡೆಯಬೇಕು. ಸಂಪರ್ಕ ಕಡಿದರೆ ಏನು ಮಾಡಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು. ತಲೆಗೆ ತೊಡುವ ದುಬಾರಿ ಸಾಧನಗಳನ್ನು ಸದ್ಯಕ್ಕೆ ಸಂಶೋಧನಾ ಕೇಂದ್ರಗಳಿಗೆ ಬಿಡುವುದು ಲೇಸು.

ಇಂಥ ಯೋಜನೆಗೆ ಅನುದಾನ ಕೊಡುವ ಸರ್ಕಾರ ಮತ್ತು ದಾನಿಗಳು ಎಷ್ಟು ಸಾಧನ ಹಂಚಿದೆವು, ಎಷ್ಟು ಗಂಟೆ ಪ್ರಸಾರ ಮಾಡಿದೆವು ಎಂದು ಲೆಕ್ಕ ಇಡುವ ಬದಲು ಬೇರೆ ಮೂರು ಲೆಕ್ಕ ಕೇಳಬೇಕು: ಶಸ್ತ್ರಚಿಕಿತ್ಸೆಯಾದ 30 ದಿನಗಳ ನಂತರ ರೋಗಿಗಳ ಸ್ಥಿತಿ ಏನಾಗಿದೆ, ಎರಡು-ಮೂರು ವರ್ಷಗಳ ನಂತರ ಆ ಆಸ್ಪತ್ರೆ ದೂರದ ಗುರುವಿಗೆ ಕರೆ ಮಾಡದೆಯೇ ಎಷ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದೆ, ಎಷ್ಟು ಮಂದಿಗೆ ತಾನೇ ಕಲಿಸುತ್ತಿದೆ. ಈ ಮೂರೂ ಉತ್ತರಗಳು ವರ್ಷದಿಂದ ವರ್ಷಕ್ಕೆ ಸುಧಾರಿಸಿದರೆ ಯೋಜನೆಯನ್ನು ವಿಸ್ತರಿಸಲು ನ್ಯಾಯವಾದ ಕಾರಣವಿರುತ್ತದೆ. ಸುಧಾರಿಸದಿದ್ದರೆ, ಅದೇ ಹಣವನ್ನು ನರ್ಸ್‌ಗಳಿಗೂ ಆಕ್ಸಿಜನ್‌ಗೂ ತಿರುಗಿಸುವ ಪ್ರಾಮಾಣಿಕತೆ ಯೋಜನೆಯನ್ನು ರೂಪಿಸಿದವರಲ್ಲಿ ಇರಬೇಕು.